ರೀಬೋರ್ ಆದ ಜೀಪಿಗೆ ಕಿವಿ ಸಾಲದು, ಲೈಟ್ ಹಿಡೀರಿ

ಅರೇಬಿಕಾ ಕೊಯ್ಲು ಹತ್ತಿರ ಬಂತು. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ನಮ್ಮ ಕಡೆ ಗ್ಯಾರೇಜುಗಳ ಮುಂದೆ ಹಳೇ ಪೆಟ್ರೋಲ್ ಜೀಪುಗಳು ಸಾಲಾಗಿ ನಿಲ್ಲುತ್ತವೆ. ಒಬ್ಬರದು ಹೊಗೆ, ಇನ್ನೊಬ್ಬರದು ಆಯಿಲ್ ಕುಡಿಯುತ್ತೆ, ಮತ್ತೊಬ್ಬರದು ಏರು ಹತ್ತಲ್ಲ. ಇಂಜಿನ್ ಇಳಿಸಿ, ಲೇತಿಗೆ ಕಳಿಸಿ, ರೀಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಬೇರಿಂಗ್ ಹಾಕಿಸಿ ತರ್ತೀವಿ. ತಂದ ಮೇಲೆ ಎರಡು ವಾರಕ್ಕೇ ಶುರು: "ಮೊದಲೇ ಚೆನ್ನಾಗಿತ್ತು ಮಾರಾಯ್ರೆ, ಈಗ ಪಿಕಪ್ಪೂ ಇಲ್ಲ, ಹೀಟೂ ಆಗುತ್ತೆ."

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ಹೀಗೆ ಬೈಸಿಕೊಳ್ಳೋ ಜೀಪುಗಳಲ್ಲಿ ನಾನು ಹತ್ತಿರದಿಂದ ನೋಡಿದ ಹೆಚ್ಚಿನವಕ್ಕೆ ಲೇತಿನ ಕೆಲಸ ಕೆಟ್ಟಿರಲಿಲ್ಲ, ಪಿಸ್ಟನ್ ಡೂಪ್ಲಿಕೇಟ್ ಆಗಿರಲಿಲ್ಲ. ಕಿಡಿ ಬೀಳೋ ಹೊತ್ತು ತಪ್ಪಿತ್ತು, ಅಷ್ಟೆ. ಟೈಮಿಂಗ್ ಲೈಟ್ ಹಿಡಿದು ತೋರಿಸದೆ ರೀಬೋರ್ ಆದ ಗಾಡಿಯನ್ನು ಯಾವ ಗ್ಯಾರೇಜೂ ಕೈಗೆ ಕೊಡಬಾರದು, ನಾವೂ ಕೊನೇ ಕಂತಿನ ದುಡ್ಡು ಕೊಡಬಾರದು. ಇದು ಮೆಕ್ಯಾನಿಕ್ ಮೇಲೆ ಅಪನಂಬಿಕೆಯ ಮಾತಲ್ಲ. ಕಾಫಿ ಕೊಡುವಾಗ ತೂಕದ ಮುಳ್ಳು ನೋಡ್ತೀವಲ್ಲ, ಹಾಗೆ.

ಕಿಡಿಯ ಹೊತ್ತು ಅಂದ್ರೆ ಏನು ಅಂತ ಎರಡು ಮಾತು. ಪಿಸ್ಟನ್ ಪೂರ್ತಿ ಮೇಲೆ ಬಂದ ಮೇಲೆ ಕಿಡಿ ಬೀಳೋದಲ್ಲ, ಬರೋದಕ್ಕೆ ಸ್ವಲ್ಪ ಮುಂಚೆ ಬೀಳಬೇಕು. ಒಳಗಿನ ಪೆಟ್ರೋಲ್ ಗಾಳಿ ಒಂದೇ ಸಲಕ್ಕೆ ಉರಿದು ಮುಗಿಯಲ್ಲ, ಬೆಂಕಿ ಹರಡೋಕೆ ಹೊತ್ತು ಬೇಕು. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗ್ತಾ ಇದ್ರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಕ್ರ್ಯಾಂಕ್ 12 ಡಿಗ್ರಿ ತಿರುಗಿರುತ್ತೆ. ಅಂಥ ಚಿಕ್ಕ ಹೊತ್ತನ್ನು ಕಿವಿಯಲ್ಲಿ ಕೇಳಿ ಅಳೀತೀನಿ ಅನ್ನೋದು ಎಷ್ಟು ಸರಿ, ನೀವೇ ಯೋಚಿಸಿ.

ಕಿಡಿ ತಡವಾದರೆ ಉರಿ ಮುಗಿಯೋ ಮೊದಲೇ ಎಕ್ಸಾಸ್ಟ್ ವಾಲ್ವ್ ತೆಗೆದುಕೊಳ್ಳುತ್ತೆ. ಪಿಸ್ಟನ್ ತಳ್ಳಬೇಕಾದ ಶಕ್ತಿ ಬಿಸಿಯಾಗಿ ಮ್ಯಾನಿಫೋಲ್ಡಿಗೂ ರೇಡಿಯೇಟರ್ ನೀರಿಗೂ ಹೋಗುತ್ತೆ. ಗಾಡಿ ಏರು ಹತ್ತಲ್ಲ, ನೀರು ಕುದಿಯುತ್ತೆ, ಪೆಟ್ರೋಲ್ ಜಾಸ್ತಿ ಎಳೆಯುತ್ತೆ. ಕಿಡಿ ಬೇಗ ಬಿದ್ದರೆ ಮೇಲೆ ಬರ್ತಿರೋ ಪಿಸ್ಟನ್ನಿಗೆ ಎದುರು ಏಟು. ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ತಡೆದು ತಡೆದು ತಿರುಗುತ್ತೆ, ಲೋಡಿನಲ್ಲಿ ಕಟಕಟ ಅನ್ನುತ್ತೆ, ಹ್ಯಾಂಡಲ್ ಹಾಕಿ ತಿರುಗಿಸೋರಿಗೆ ಹ್ಯಾಂಡಲ್ ವಾಪಸ್ ಒದೆಯುತ್ತೆ. ಹಾಗೆ ಒದ್ದರೆ ಮಣಿಕಟ್ಟೇ ಮುರಿಯಬಹುದು. ಅದಕ್ಕೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡೀಬೇಡಿ, ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು ಮೇಲಕ್ಕೆ ಎಳೀರಿ. ತೋಟದ ಹುಡುಗರಿಗೂ ಇದನ್ನ ಹೇಳಿಕೊಡಿ.

ಹಳೇ ಸವೆದ ಇಂಜಿನ್ ಇದನ್ನೆಲ್ಲ ಹೇಗೋ ತಡ್ಕೊಳ್ಳುತ್ತೆ. ಹೊಸದಾಗಿ ಕಟ್ಟಿದ್ದು ತಡ್ಕೊಳ್ಳಲ್ಲ. ರಿಂಗ್ ಇನ್ನೂ ಕೂತಿರಲ್ಲ, ಎಲ್ಲಾ ಟೈಟ್ ಇರುತ್ತೆ, ಮೊದಲೇ ಬಿಸಿ ಜಾಸ್ತಿ. ಅದರ ಮೇಲೆ ತಡವಾದ ಕಿಡಿಯ ಬಿಸಿ ಸೇರಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಬೇಗ ಬೀಳೋ ಕಿಡಿಯಲ್ಲಿ ನಾಕಿಂಗ್ ಜೊತೆಗೇ ತಿಂಗಳುಗಟ್ಟಲೆ ಓಡಿಸಿದರೆ ರಿಂಗ್ ಮುರಿಯುತ್ತೆ, ಬೇರಿಂಗ್ ಏಟು ತಿನ್ನುತ್ತೆ. ಆಮೇಲೆ ಬಿಚ್ಚಿ ನೋಡಿದವರು "ರಿಂಗ್ ಸರಿ ಇರಲಿಲ್ಲ" ಅಂತಾರೆ. ಅದು ಯಾಕೆ ಮುರೀತು ಅಂತ ಯಾರೂ ಕೇಳಲ್ಲ. ಖರ್ಚು ಮತ್ತೆ ನಮ್ಮದೇ.

ಮೂಡಿಗೆರೆ ಕಡೆಯ ಒಂದು ತೋಟದ ಜೀಪಿನ ಕತೆ ಕೇಳಿ. ರೀಬೋರ್ ಆಗಿ ಬಂದ ಮೇಲೆ ಕೊಟ್ಟಿಗೆಹಾರದ ಏರಿನಲ್ಲಿ ನೀರು ಕುದಿಯೋಕೆ ಶುರುವಾಯ್ತು. ಗ್ಯಾರೇಜಿನವರು ರೇಡಿಯೇಟರ್ ಅಂದರು, ಅದರ ಕೋರ್ ಬದಲಾಯಿಸಿದರು. ಆಮೇಲೆ ಕಾರ್ಬೋರೇಟರ್ ಅಂದರು, ಅದಕ್ಕೊಂದು ಕಿಟ್. ಆಮೇಲೆ ವಾಟರ್ ಪಂಪ್. ಕೊನೆಗೆ "ಈ ಪೆಟ್ರೋಲ್ ಇಂಜಿನ್ ಸಹವಾಸ ಬೇಡ, ಡೀಸೆಲ್ ಕೂರಿಸಿಬಿಡಿ" ಅಂತ ಸಲಹೆ. ಲೈಟ್ ಹಿಡಿದು ನೋಡಿದಾಗ ಕಿಡಿ ಬೀಳ್ತಾ ಇದ್ದಿದ್ದು ಪಿಸ್ಟನ್ ಮೇಲೆ ಬಂದು ಕೆಳಗೆ ಇಳಿಯೋಕೆ ಶುರುವಾದ ಮೇಲೆ. ಡಿಸ್ಟ್ರಿಬ್ಯೂಟರನ್ನು ಇನ್ನೂ ತಿರುಗಿಸೋಣ ಅಂದ್ರೆ ಅದು ಆಗಲೇ ಕೊನೇವರೆಗೆ ತಿರುಗಿ ನಿಂತಿತ್ತು. ಆಯಿಲ್ ಪಂಪನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದ್ದರು. ಪಂಪ್ ಬಿಚ್ಚಿ ಸರಿಯಾಗಿ ಕೂರಿಸಿ ಟೈಮಿಂಗ್ ಇಟ್ಟ ಮೇಲೆ ಜೀಪು ಅದೇ ಏರನ್ನು ಕುದಿಯದೆ ಹತ್ತಿತು. ಮೊದಲು ಹಾಕಿದ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಆಯಿಲ್ ಪಂಪಿಗೂ ಕಿಡಿಗೂ ಏನು ಸಂಬಂಧ ಅಂತ ಕೇಳಬಹುದು. ನಮ್ಮ ವಿಲ್ಲೀಸ್, ಮಹೀಂದ್ರಾ ಪೆಟ್ರೋಲ್ ಜೀಪುಗಳಲ್ಲಿ ಕ್ಯಾಮ್‌ಶಾಫ್ಟಿನ ಗೇರು ಆಯಿಲ್ ಪಂಪನ್ನು ತಿರುಗಿಸುತ್ತೆ, ಆ ಪಂಪಿನ ಶಾಫ್ಟಿನ ಸೀಳಿನೊಳಗೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ನಾಲಿಗೆ ಕೂರುತ್ತೆ. ಆ ಸೀಳು ನಡುವಿಗೆ ಇಲ್ಲ, ಸ್ವಲ್ಪ ಒಂದು ಬದಿಗೆ ಇದೆ. ಹಾಗಾಗಿ ಡಿಸ್ಟ್ರಿಬ್ಯೂಟರನ್ನು ಉಲ್ಟಾ ಕೂರಿಸೋಕೆ ಆಗಲ್ಲ. ಆದರೆ ಪಂಪನ್ನೇ ತಪ್ಪು ಹಲ್ಲಿಗೆ ಕೂರಿಸಬಹುದು. ಬರೀ ಪಾಯಿಂಟ್ ಬದಲಾಯಿಸುವಾಗ ಈ ಪಂಪನ್ನು ಯಾರೂ ಮುಟ್ಟಲ್ಲ. ರೀಬೋರಿನಲ್ಲಿ ಅದು ಹೊರಗೆ ಬಂದೇ ಬರುತ್ತೆ. ಅದಕ್ಕೇ ಈ ತೊಂದರೆ ರೀಬೋರ್ ಆದ ಗಾಡಿಗಳಲ್ಲೇ ಕಾಣೋದು.

ಹಾಗಾದ್ರೆ ಯಾವುದನ್ನು ಮೊದಲು ನೋಡಬೇಕು? ಇದರಲ್ಲಿ ಕ್ರಮವೇ ಮುಖ್ಯ. ಕ್ರಮ ಬಿಟ್ಟು ಅಲ್ಲೊಂದು ಇಲ್ಲೊಂದು ತಿರುಗಿಸಿದರೆ ಸಂಜೆ ಹೊತ್ತಿಗೆ ಯಾವುದು ಎಲ್ಲಿತ್ತು ಅಂತಲೇ ಮರೆತುಹೋಗುತ್ತೆ.

1. ಮೊದಲು ಪಾಯಿಂಟ್ ಗ್ಯಾಪ್. ವಿಲ್ಲೀಸ್ ನಾಲ್ಕು ಸಿಲಿಂಡರಿಗೆ 20 ಥೌ, ಅಂದ್ರೆ ಸುಮಾರು ಅರ್ಧ ಮಿಲಿಮೀಟರ್. ಫೀಲರ್ ಗೇಜ್ ಹಾಕಿಯೇ ನೋಡಬೇಕು, ಬ್ಲೇಡ್ ತುಂಡು, ಸಿಗರೇಟ್ ಪ್ಯಾಕಿನ ರಟ್ಟು ಬೇಡ. ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ ಬೇಗ ತೆಗೆದುಕೊಳ್ಳುತ್ತೆ, ಕಿಡಿ ಬೇಗ ಬೀಳುತ್ತೆ. ಕಡಿಮೆಯಾದರೆ ತಡ. ಅಂದ್ರೆ ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತೆ, ಟೈಮಿಂಗ್ ಬದಲಾದರೆ ಗ್ಯಾಪ್ ಬದಲಾಗಲ್ಲ. ಅದಕ್ಕೇ ಗ್ಯಾಪ್ ಯಾವಾಗಲೂ ಮೊದಲು. ಪ್ಲಗ್ ಗ್ಯಾಪ್ 30 ಥೌ.

2. ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಆಟ ಇದ್ದರೆ ಬುಷ್ ಸವೆದಿದೆ, ಒಂದೊಂದು ಸಿಲಿಂಡರಿಗೆ ಒಂದೊಂದು ಗ್ಯಾಪ್ ಆಗುತ್ತೆ, ಏನು ಮಾಡಿದರೂ ಟೈಮಿಂಗ್ ನಿಲ್ಲಲ್ಲ. ಆಮೇಲೆ ರೋಟರನ್ನು ಅದು ತಿರುಗೋ ದಿಕ್ಕಿಗೆ ಬೆರಳಲ್ಲಿ ತಿರುಗಿಸಿ ಬಿಡಿ. ಸ್ಪ್ರಿಂಗ್ ಎಳೆದು ತಾನೇ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಒಳಗಿನ ಅಡ್ವಾನ್ಸ್ ವೇಟುಗಳು ಜಿಡ್ಡು ಹಿಡಿದು ಕೂತಿವೆ. ಐಡಲಿಂಗಿನಲ್ಲಿ ಎಲ್ಲಾ ಸರಿ ಕಾಣುತ್ತೆ, ಏರಿನಲ್ಲಿ ಮಾತ್ರ ಗಾಡಿ ಸಾಯುತ್ತೆ. ಇಂಜಿನ್ನಿಗೆಲ್ಲ ಹೊಸ ಸಾಮಾನು ಹಾಕಿ ಡಿಸ್ಟ್ರಿಬ್ಯೂಟರ್ ಮಾತ್ರ ಹಳೇದನ್ನೇ ಒರೆಸಿ ಕೂರಿಸೋದು ನಮ್ಮ ಕಡೆ ಮಾಮೂಲು.

3. ಒಂದನೇ ಸಿಲಿಂಡರಿನ ಕಂಪ್ರೆಷನ್ ಹುಡುಕೋದು. ಪ್ಲಗ್ಗುಗಳನ್ನು ಬಿಚ್ಚಿ, ಗಾಡಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಪ್ಲಗ್ಗಿನ ತೂತಿಗೆ ಬೆರಳು ಒತ್ತಿ ಹಿಡೀರಿ. ಇನ್ನೊಬ್ಬರು ಹ್ಯಾಂಡಲ್ ನಿಧಾನ ತಿರುಗಿಸಲಿ. ಪಿಸ್ಟನ್ ಎರಡು ಸಲ ಮೇಲೆ ಬರುತ್ತೆ. ಒಂದು ಸಲ ಗಾಳಿ ಬೆರಳನ್ನು ತಳ್ಳುತ್ತೆ, ಇನ್ನೊಂದು ಸಲ ಸುಮ್ಮನಿರುತ್ತೆ. ತಳ್ಳಿದ್ದೇ ನಮಗೆ ಬೇಕಾದ್ದು. ಇದನ್ನು ನೋಡದೆ ಬರೀ ಪುಲ್ಲಿ ಗುರುತು ಹಿಡಿದು ಕೂರಿಸಿದರೆ ಟೈಮಿಂಗ್ ಪೂರ್ತಿ ಒಂದು ಸುತ್ತು ತಪ್ಪಬಹುದು. ಆಗ ಗಾಡಿ ಸ್ಟಾರ್ಟೇ ಆಗಲ್ಲ, ಕಾರ್ಬೋರೇಟರಿನಲ್ಲೋ ಸೈಲೆನ್ಸರಿನಲ್ಲೋ ಡಬ್ ಅನ್ನುತ್ತೆ.

4. ಗುರುತು. ತುಂಬಾ ಹಳೇ ಜೀಪುಗಳಲ್ಲಿ ಅದು ಫ್ಲೈವೀಲ್ ಮೇಲೆ, ಬೆಲ್ ಹೌಸಿಂಗಿನ ಸಣ್ಣ ಕಿಂಡಿಯಲ್ಲಿ ಕಾಣುತ್ತೆ. ಆಮೇಲಿನವುಗಳಲ್ಲಿ ಮುಂದಿನ ಪುಲ್ಲಿಯ ಮೇಲೆ ಒಂದು ಕಚ್ಚು, ಟೈಮಿಂಗ್ ಕವರಿನ ಮೇಲೆ ಗುರುತುಗಳು. ಕಿಡಿ ಬೀಳಬೇಕಾದ್ದು ಪಿಸ್ಟನ್ ತುದಿಗೆ ಬರೋ 5 ಡಿಗ್ರಿ ಮುಂಚೆ. ಸುಣ್ಣವೋ ಬಿಳಿ ಪೇಂಟೋ ಹಚ್ಚಿ ಕಚ್ಚನ್ನು ಎದ್ದು ಕಾಣೋ ಹಾಗೆ ಮಾಡಿ.

5. ಬಲ್ಬ್ ಹಾಕಿ ಇಡೋದು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಸಣ್ಣ ವೈರ್ ಹೋಗೋ ಜಾಗಕ್ಕೆ ಬಲ್ಬಿನ ಒಂದು ತುದಿ, ಇನ್ನೊಂದು ತುದಿ ಅರ್ತಿಗೆ. ಕಾಯಿಲಿನ ನಡುವಿನ ದಪ್ಪ ವೈರಿನ ತುದಿಯನ್ನು ಕ್ಯಾಪಿನಿಂದ ಕಿತ್ತು ಅರ್ತ್ ಮಾಡಿ, ಹ್ಯಾಂಡಲ್ ತಿರುಗಿಸುವಾಗ ಇಂಜಿನ್ ಹೊತ್ತಿಕೊಳ್ಳಬಾರದು. ಕಂಪ್ರೆಷನ್ ಸುತ್ತಿನಲ್ಲಿ 5 ಡಿಗ್ರಿ ಗುರುತಿಗೆ ತಂದು ನಿಲ್ಲಿಸಿ. ದಾಟಿಹೋದರೆ ಬರೀ ಅಷ್ಟೇ ಹಿಂದಕ್ಕೆ ತಿರುಗಿಸಬೇಡಿ, ಗೇರಿನ ಸಡಿಲ ಅಳತೆಯೊಳಗೆ ಸೇರಿಕೊಳ್ಳುತ್ತೆ. ಚೆನ್ನಾಗಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ತನ್ನಿ. ಕ್ಲ್ಯಾಂಪ್ ಸಡಿಲಿಸಿ ಕೀ ಆನ್ ಮಾಡಿ, ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಮೊದಲು ರೋಟರ್ ತಿರುಗೋ ದಿಕ್ಕಿಗೇ ಸ್ವಲ್ಪ ತಿರುಗಿಸಿ. ಬಲ್ಬ್ ಆರುತ್ತೆ. ಆಮೇಲೆ ನಿಧಾನ ಎದುರು ದಿಕ್ಕಿಗೆ. ಬಲ್ಬ್ ಹೊತ್ತಿದ ಕ್ಷಣವೇ ಪಾಯಿಂಟ್ ತೆಗೆದ ಕ್ಷಣ. ಅಲ್ಲೇ ಟೈಟ್ ಮಾಡಿ. ನೆನಪಿರಲಿ, ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗೋದು. ಅಲ್ಲಿ 1 ಡಿಗ್ರಿ ಅಲ್ಲಾಡಿದರೆ ಇಲ್ಲಿ 2 ಡಿಗ್ರಿ.

6. ಪ್ಲಗ್ ವೈರಿನ ಸಾಲು. ಫೈರಿಂಗ್ ಆರ್ಡರ್ 1-3-4-2. ಆದರೆ ರೋಟರ್ ಯಾವ ಕಡೆ ತಿರುಗುತ್ತೆ ಅನ್ನೋದನ್ನು ಕಣ್ಣಲ್ಲೇ ನೋಡಬೇಕು. ವಿಲ್ಲೀಸಿನ ಮೂಲ ಡಿಸ್ಟ್ರಿಬ್ಯೂಟರ್ ಮೇಲಿಂದ ನೋಡಿದರೆ ಗಡಿಯಾರದ ಎದುರು ದಿಕ್ಕಿಗೆ ತಿರುಗುತ್ತೆ. ಗಡಿಯಾರದ ದಿಕ್ಕಿಗೆ ಎಣಿಸಿ ವೈರ್ ಹಾಕಿದರೆ ಕಿಡಿ 1-2-4-3 ಆಗಿ ಹೋಗುತ್ತೆ. ನೋಡಿ ಮಜಾ: 1 ಮತ್ತು 4 ಸರಿಯಾಗೇ ಇರುತ್ತೆ, 2 ಮತ್ತು 3 ಅದಲುಬದಲು. ಗಾಡಿ ಎರಡೇ ಸಿಲಿಂಡರಿನಲ್ಲಿ ಗಡಗಡ ಅಂತ ಓಡುತ್ತೆ, ಕೇಳಿದವರು "ವಾಲ್ವ್ ಸುಟ್ಟಿದೆ" ಅಂತಾರೆ.

7. ಕೊನೆಗೆ ಲೈಟ್. ಕ್ಲಿಪ್ ಒಂದನೇ ಪ್ಲಗ್ ವೈರಿಗೆ, ಐಡಲಿಂಗ್ ಆದಷ್ಟು ಕಡಿಮೆ. ವ್ಯಾಕ್ಯೂಮ್ ಪೈಪ್ ಇರೋ ಡಿಸ್ಟ್ರಿಬ್ಯೂಟರ್ ಆದರೆ ಅದನ್ನು ಕಿತ್ತು ಬಾಯಿ ಮುಚ್ಚಿ. ಕಚ್ಚು 5 ಡಿಗ್ರಿ ಗುರುತಿನ ಎದುರು ನಿಂತ ಹಾಗೆ ಕಾಣಬೇಕು. ಆಕ್ಸಿಲರೇಟರ್ ಕೊಟ್ಟರೆ ಅಡ್ವಾನ್ಸ್ ಕಡೆಗೆ ಸರಿಯಬೇಕು, ಬಿಟ್ಟರೆ ವಾಪಸ್ ಬರಬೇಕು. ನಿಲ್ಲದೆ ಕುಣಿಯುತ್ತಿದ್ದರೆ ಶಾಫ್ಟ್ ಬುಷ್, ಸರಿಯದೆ ನಿಂತಿದ್ದರೆ ವೇಟ್. ಫ್ಯಾನಿನ ಹತ್ತಿರ ಕೈ, ಪಂಚೆ, ಟವೆಲ್ ಜೋಪಾನ. ಲೈಟಿನ ಬೆಳಕಲ್ಲಿ ತಿರುಗೋ ಫ್ಯಾನೂ ನಿಂತ ಹಾಗೆ ಕಾಣಬಹುದು.

ಇಷ್ಟೆಲ್ಲ ಸರಿ ಇದ್ದೂ ಗಾಡಿಗೆ ಜೀವ ಇಲ್ಲ ಅಂದ್ರೆ ಮಾತ್ರ ಟೈಮಿಂಗ್ ಗೇರಿನ ಮೇಲೆ ಅನುಮಾನ ಪಡಬೇಕು. ಕ್ರ್ಯಾಂಕ್ ಗೇರು, ಕ್ಯಾಮ್ ಗೇರುಗಳ ಗುರುತು ಎದುರುಬದುರು ಕೂರದೆ ಒಂದು ಹಲ್ಲು ತಪ್ಪಿದರೆ ವಾಲ್ವುಗಳ ಹೊತ್ತೇ ತಪ್ಪುತ್ತೆ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ಸರಿ ಮಾಡಬಹುದು, ವಾಲ್ವನ್ನು ಅಲ್ಲ. ಎಕ್ಸಾಸ್ಟ್ ಮುಗಿದು ಒಂದನೇ ಪಿಸ್ಟನ್ ತುದಿಗೆ ಬಂದಾಗ ಅದರ ಇನ್‌ಟೇಕ್ ವಾಲ್ವ್ ಆಗತಾನೇ ತೆಗೆಯೋಕೆ ಶುರುವಾಗಿರಬೇಕು. ಅದು ಬಹಳ ಹಿಂದೆಯೋ ಮುಂದೆಯೋ ಇದ್ದರೆ ಮುಂದಿನ ಕವರ್ ಬಿಚ್ಚದೆ ದಾರಿ ಇಲ್ಲ.

ಈಗ ಕಿವಿಯ ವಿಚಾರ. ನಮ್ಮ ಹಳೇ ಮೆಕ್ಯಾನಿಕ್‌ಗಳ ಕಿವಿಗೆ ನನಗೆ ತುಂಬಾ ಗೌರವ ಇದೆ. ಲೈಟ್ ಇಲ್ಲದ ಕಾಲದಲ್ಲಿ, ರಾತ್ರಿ ಹೊತ್ತು, ಮಳೆಯಲ್ಲಿ, ಸ್ಕ್ರೂಡ್ರೈವರ್ ಒಂದರಲ್ಲೇ ಗಾಡಿ ಓಡಿಸಿ ಕೊಟ್ಟವರು ಅವರು. ಅವರ ಲೆಕ್ಕ ಹೀಗೆ: ಏರಿನಲ್ಲಿ ಕಟಕಟ ಅನ್ನೋವರೆಗೆ ಅಡ್ವಾನ್ಸ್ ಮಾಡು, ಆಮೇಲೆ ಸ್ವಲ್ಪ ಹಿಂದಕ್ಕೆ ಬಾ. ಆ ಕಾಲದ ಪೆಟ್ರೋಲಿಗೆ ಅದು ನಡೀತಿತ್ತು. ಈಗ ಪೆಟ್ರೋಲೇ ಬೇರೆ. ಬಿಎಸ್-2 ಕಾಲದಲ್ಲಿ 88 ಆಕ್ಟೇನ್ ಇದ್ದದ್ದು ಈಗಿನ ಇ20ಯಲ್ಲಿ 95. ಆಕ್ಟೇನ್ ಜಾಸ್ತಿಯಾದಷ್ಟೂ ನಾಕಿಂಗ್ ಕಡಿಮೆ. ನಮ್ಮ ಜೀಪಿನ ಕಂಪ್ರೆಷನ್ನೋ ಮೊದಲೇ ಕಡಿಮೆ. ಹಾಗಾಗಿ ಕಿಡಿ ಬೇಕಾದ್ದಕ್ಕಿಂತ ಎಷ್ಟೋ ಬೇಗ ಬೀಳ್ತಿದ್ದರೂ ಕಟಕಟ ಶಬ್ದ ಕೇಳದೇ ಇರಬಹುದು. ಕಿವಿ "ಇನ್ನೂ ಸ್ವಲ್ಪ ಕೊಡು" ಅನ್ನುತ್ತೆ, ಕೈ ಕೊಡುತ್ತೆ. ಕಿವಿ ಮಂದ ಆಗಿಲ್ಲ, ಅದು ಕಾಯ್ತಿದ್ದ ಶಬ್ದವೇ ಈಗ ಬರ್ತಿಲ್ಲ.

ಎಥನಾಲಿನದು ಇನ್ನೊಂದು ಸಂಗತಿ. ಹಳೇ ಜೆಟ್ಟಿನ ಕಾರ್ಬೋರೇಟರಿನಲ್ಲಿ ಅದು ಮಿಕ್ಸ್ಚರನ್ನು ಸ್ವಲ್ಪ ತೆಳು ಮಾಡುತ್ತೆ. ತೆಳು ಮಿಕ್ಸ್ಚರ್ ಆದರೂ ಕಾರ್ಬೋರೇಟರಿನಲ್ಲಿ ಪಟ್ ಪಟ್ ಅನ್ನುತ್ತೆ, ಪಿಕಪ್ ಸಾಯುತ್ತೆ, ಥೇಟ್ ಟೈಮಿಂಗ್ ತಪ್ಪಿದ ಹಾಗೆ. ಲೈಟ್ ಹಿಡಿದು ಟೈಮಿಂಗ್ ಸರಿ ಇದೆ ಅಂತ ಖಾತ್ರಿಯಾದರೆ ಆಗ ಧೈರ್ಯವಾಗಿ ಕಾರ್ಬೋರೇಟರ್ ಕಡೆ ಹೋಗಬಹುದು. ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ತಿರುಗಿಸ್ತಾ ಕೂರಬೇಕು.

"ಗುರುತೇ ಸುಳ್ಳಾದ್ರೆ ಲೈಟ್ ಏನು ಮಾಡುತ್ತೆ?" ಅಂತ ಒಬ್ಬ ಮೆಕ್ಯಾನಿಕ್ ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಜೀಪುಗಳಲ್ಲಿ ಯಾವುದೋ ಗಾಡಿಯ ಪುಲ್ಲಿ, ಯಾವುದೋ ಗಾಡಿಯ ಡಿಸ್ಟ್ರಿಬ್ಯೂಟರ್ ಇರೋದು ಹೊಸತೇನಲ್ಲ. ಇದಕ್ಕೆ ಉತ್ತರ ರೀಬೋರಿನ ದಿನವೇ ಇದೆ. ಹೆಡ್ ಬಿಚ್ಚಿ ಪಿಸ್ಟನ್ ಕಣ್ಣಿಗೆ ಕಾಣ್ತಾ ಇರುವಾಗಲೇ ಒಂದನೇ ಪಿಸ್ಟನ್ನನ್ನು ಸರಿಯಾಗಿ ತುದಿಗೆ ತಂದು ಪುಲ್ಲಿಯ ಕಚ್ಚು ಎಲ್ಲಿದೆ ನೋಡಿ. ಕವರಿನ ಗುರುತಿಗೆ ಕೂತರೆ ಸರಿ, ಇಲ್ಲದಿದ್ದರೆ ಅಲ್ಲೇ ಹೊಸ ಕಚ್ಚು ಹಾಕಿಸಿ. ಐದು ನಿಮಿಷದ ಕೆಲಸ. ಹೆಡ್ ಕೂರಿಸಿದ ಮೇಲೆ ಇದೇ ಕೆಲಸಕ್ಕೆ ಅರ್ಧ ದಿನ ಬೇಕು. ಅದಕ್ಕೇ ಇಂಜಿನ್ ಕೊಡುವಾಗಲೇ ಈ ಮಾತು ಹೇಳಿ ಕೊಡಿ.

ಕಾರ್ಬೋರೇಟರಿನ ಹಳೇ ಮಾರುತಿ 800, ಓಮ್ನಿ ಇಟ್ಟುಕೊಂಡಿರೋರಿಗೂ ಇದೇ ಕ್ರಮ, ಲೆಕ್ಕ ಬೇರೆ. ಅದು ಮೂರು ಸಿಲಿಂಡರ್, ಆರ್ಡರ್ 1-3-2. ಟೈಮಿಂಗ್ ಎಷ್ಟು ಡಿಗ್ರಿ ಅನ್ನೋದನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿಯೇ ಇಡಿ, ಜೀಪಿನ ನಂಬರ್ ಹಾಕಬೇಡಿ. ಅಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸೋದು ಮೇಲಿನ ಕ್ಯಾಮ್‌ಶಾಫ್ಟ್, ಕ್ಯಾಮನ್ನು ತಿರುಗಿಸೋದು ಬೆಲ್ಟ್. ಬೆಲ್ಟ್ ಒಂದು ಹಲ್ಲು ತಪ್ಪಿದರೆ ವಾಲ್ವೂ ಕಿಡಿಯೂ ಎರಡೂ ಒಟ್ಟಿಗೆ ತಪ್ಪುತ್ತವೆ. ಹಾಗಾಗಿ ಹೆಡ್ ಕೆಲಸ ಆದ ಓಮ್ನಿಯಲ್ಲಿ ಡಿಸ್ಟ್ರಿಬ್ಯೂಟರ್ ಮುಟ್ಟೋ ಮೊದಲು ಬೆಲ್ಟಿನ ಗುರುತು ನೋಡಿ.

ಡೀಸೆಲ್ ಕೂರಿಸೋ ಸಲಹೆ ಬಗ್ಗೆ ಒಂದು ಮಾತು. ಬೇಕು ಅಂತ ಕೂರಿಸೋರ ಮೇಲೆ ನನ್ನ ತಕರಾರಿಲ್ಲ. ಆದರೆ ಇಂಜಿನ್ ಬದಲಾದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಇಂಧನ ಬದಲಾಗಬೇಕು. ಇಲ್ಲದಿದ್ದರೆ ಅಪಘಾತದ ದಿನ ಇನ್ಶೂರೆನ್ಸ್ ಕೈಕೊಡಬಹುದು. ಒಂದು ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ ಸರಿ ಮಾಡಬಹುದಾದ ತೊಂದರೆಗೆ ಒಳ್ಳೇ ಇಂಜಿನ್ನನ್ನು ಗುಜರಿಗೆ ಹಾಕೋದು ನನಗೆ ಒಪ್ಪಿಗೆಯಿಲ್ಲ.

ನಾನು ಕೇಳೋದು ಇಷ್ಟು. ಒಂದು ಟೈಮಿಂಗ್ ಲೈಟಿಗೆ ಒಂದು ಜೀಪ್ ಟೈರಿಗಿಂತ ಕಡಿಮೆ ದುಡ್ಡು. ನಾಲ್ಕೈದು ತೋಟದವರು ಸೇರಿ ಒಂದು ತಗೊಳ್ಳಿ, ಜೊತೆಗೆ ಒಂದು ಫೀಲರ್ ಗೇಜ್. ಗಾಡಿ ತರೋಕೆ ಹೋದಾಗ ಜೊತೆಗೆ ಒಯ್ಯಿರಿ. ಮೆಕ್ಯಾನಿಕ್ ಹತ್ತಿರ ಜಗಳ ಬೇಡ, "ಅಣ್ಣಾ, ಒಂದ್ಸಲ ಹಿಡಿದು ತೋರಿಸಿಬಿಡಿ" ಅಂತ ಹೇಳಿದರೆ ಸಾಕು. ಕೆಲಸ ಗೊತ್ತಿರೋರು ಖುಷಿಯಿಂದ ತೋರಿಸ್ತಾರೆ. ಪಾಯಿಂಟ್ ಗ್ಯಾಪ್ ಎಷ್ಟು, ಟೈಮಿಂಗ್ ಎಷ್ಟಕ್ಕೆ ಇಟ್ಟಿದ್ದು, ಯಾವ ತಾರೀಕು ಅಂತ ಬಾನೆಟ್ ಒಳಗೆ ಪೇಂಟಿನಲ್ಲಿ ಬರೆಸಿ. ಮುಂದಿನ ಸಲ ಬೇರೆ ಯಾರೇ ಬಾನೆಟ್ ಎತ್ತಿದರೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತೆ. ಹೊಸ ಪಾಯಿಂಟಿನ ಹಿಮ್ಮಡಿ ಬೇಗ ಸವೆಯುತ್ತೆ, ಗ್ಯಾಪ್ ಕಡಿಮೆಯಾಗಿ ಕಿಡಿ ತಡವಾಗುತ್ತೆ. ಅದಕ್ಕೇ ಮೊದಲ ಆಯಿಲ್ ಬದಲಾಯಿಸುವಾಗ ಇನ್ನೊಂದು ಸಲ ನೋಡಿಸಿ.

ಕೊಯ್ಲು ಶುರುವಾದ ಮೇಲೆ ಗಾಡಿ ಬಿಚ್ಚೋಕೆ ಯಾರಿಗೂ ಪುರುಸೊತ್ತಿಲ್ಲ. ಹಣ್ಣು ಪಲ್ಪರಿಗೆ ಅದೇ ದಿನ ಹೋಗಬೇಕು, ಕೆಲಸದವರನ್ನ ಲೈನಿಗೆ ಬಿಡಬೇಕು, ರಾತ್ರಿ ಯಾರಿಗಾದ್ರೂ ಹುಷಾರಿಲ್ಲದಿದ್ರೆ ಆಸ್ಪತ್ರೆಗೆ ಇದೇ ಜೀಪು. ಈ ವಾರ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬಾನೆಟ್ ಎತ್ತಿ ನೋಡಿಬಿಡಿ.